'2050ರ ಕೊಡಗು' ಅಂತ ಮಕ್ಕಳಿಂದ ಕಥೆ ಬರೆಸುತ್ತಿದ್ದೇವೆ. ಒಳ್ಳೆಯ ನಾಳೆಯ ಕಥೆಯಿಂದ ನಿಜಕ್ಕೂ ಏನಾದರೂ ಹುಟ್ಟುತ್ತದಾ?

ಮಡಿಕೇರಿ_ಓದುಕೋಣೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮಡಿಕೇರಿ ಸುತ್ತಿನ ಹೈಸ್ಕೂಲು, ಪಿಯುಸಿ ಮಕ್ಕಳಿಗೆ ನಾವು ಕೆಲವರು ಸೇರಿ ವಿಜ್ಞಾನ ಕಥೆ ಸ್ಪರ್ಧೆ ಇಡುತ್ತಿದ್ದೇವೆ. ವಿಷಯ '2050ರ ಕೊಡಗು'. ಹೇಗೆ ಬರಬಹುದು ನೋಡೋಣ ಅಂತ ಮೊದಲೇ ಕೆಲವು ಮಕ್ಕಳ ಕೈಲಿ ಬರೆಸಿದೆವು. ಬಂದಿದ್ದೆಲ್ಲ ಒಂದೇ ಥರ. ಗುಡ್ಡ ಜಾರಿ ಊರು ಮುಚ್ಚಿಹೋಗುತ್ತದೆ, ಕಾವೇರಿ ಬತ್ತುತ್ತದೆ, ಕಾಫಿ ಅನ್ನೋದು ಇತಿಹಾಸದ ಪಾಠದಲ್ಲಿ ಮಾತ್ರ ಇರುತ್ತದೆ, ಕೊನೆಗೆ ಒಬ್ಬ ಹುಡುಗ ರಾಕೆಟ್ ಹತ್ತಿ ಮಂಗಳ ಗ್ರಹಕ್ಕೆ ಹೊರಟುಬಿಡುತ್ತಾನೆ. ಒಬ್ಬಳಂತೂ ರಾಕೆಟ್ಟಿನ ಖರ್ಚು ಯಾಕೆ ಅಂತ ನಾಯಕನನ್ನು ಬೆಂಗಳೂರಿಗೆ ಕಳಿಸಿದ್ದಾಳೆ.

ಮಕ್ಕಳನ್ನು ದೂರುವ ಹಾಗಿಲ್ಲ. 2018ರ ಆಗಸ್ಟ್‌ನಲ್ಲಿ ಇಲ್ಲಿ ಗುಡ್ಡಗಳು ಜಾರಿದಾಗ ಇವರೆಲ್ಲ ಚಿಕ್ಕವರು. ಮಕ್ಕಂದೂರು, ಜೋಡುಪಾಲ ಕಡೆಯ ಕೆಲವರು ಪರಿಹಾರ ಕೇಂದ್ರದಲ್ಲಿ ಮಲಗಿ ಎದ್ದವರು. ಮರುವರ್ಷ ತೋರ, ಅದರ ಮರುವರ್ಷ ತಲಕಾವೇರಿಯ ಬ್ರಹ್ಮಗಿರಿ. ಈಗಲೂ ಜೂನ್ ಬಂದರೆ ಮನೆಯಲ್ಲಿ ದೊಡ್ಡವರು ರಾತ್ರಿ ಎದ್ದು ಬರೆ (ಕಡಿದಾದ ಮಣ್ಣಿನ ಗೋಡೆ) ಕಡೆಗೆ ಟಾರ್ಚ್ ಬಿಟ್ಟು ನೋಡುತ್ತಾರೆ. ಅದನ್ನು ನೋಡಿಕೊಂಡು ಬೆಳೆದ ಮಕ್ಕಳು ಇನ್ನೇನು ಬರೆಯುತ್ತಾರೆ ಹೇಳಿ.

ಆದರೂ ಈ ಸಲ 'ಕಥೆ ಆಶಾದಾಯಕವಾಗಿರಬೇಕು' ಅಂತ ಒಂದು ನಿಯಮ ಹಾಕೋಣ ಅಂತ ನನ್ನ ಆಸೆ. ನಮ್ಮಲ್ಲೇ ಇದಕ್ಕೆ ಒಪ್ಪಿಗೆ ಇಲ್ಲ. ಹಾಗೆ ಮಾಡಿದರೆ ಎಲ್ಲರೂ ಹೋಂಸ್ಟೇ ಜಾಹೀರಾತು ಬರೆದು ತರುತ್ತಾರೆ ಅಂತ ಒಬ್ಬರು. ಕಥೆ ಓದಿ ಯಾರಾದರೂ ಏನಾದರೂ ಕಂಡುಹಿಡಿದಿದ್ದಾರಾ, ಅದೆಲ್ಲ ಇಂಟರ್‌ನೆಟ್ ಕಟ್ಟುಕಥೆ ಅಂತ ಇನ್ನೊಬ್ಬರು. ಅಮೆರಿಕದ ಒಂದು ಟಿವಿ ಧಾರಾವಾಹಿ ನೋಡಿ ಮೊಬೈಲ್ ಮಾಡಿದರು ಅಂತ ನಾನೂ ಓದಿದ್ದೇನೆ. ನಿಜವಾ? ಗೊತ್ತಿರುವವರು ಹೇಳಿ. ಬಹುಮಾನಕ್ಕೆ ಪುಸ್ತಕ ಮಾತ್ರ, ದುಡ್ಡಿಲ್ಲ, ಅದನ್ನೂ ಮೊದಲೇ ಹೇಳಿಬಿಡುತ್ತೇನೆ.

ಸಿದ್ದಾಪುರ_ರೋಬಸ್ಟಾ ಉತ್ತರ:

ಬೇಜಾರು ಮಾಡ್ಕೋಬೇಡಿ, ನೇರವಾಗಿ ಹೇಳುತ್ತೇನೆ. ಆಶಾದಾಯಕ ಕಥೆಗೆ ನಮ್ಮಲ್ಲಿ ಬರ ಇಲ್ಲ. ತೋಟಕ್ಕೆ ಏನಾದರೂ ಮಾರಲು ಬರುವವರೆಲ್ಲ ಅದನ್ನೇ ಹೇಳುತ್ತಾರೆ. ಒಂದು ಕಂಪನಿಯವರು ಬಂದು ಮಣ್ಣಿನ ತೇವ ಅಳೆಯುವ ಸೆನ್ಸರ್ ಹೂತು, ಕಂಬ ನೆಟ್ಟು ಹೋದರು. ಯಾವಾಗ ಸ್ಪ್ರಿಂಕ್ಲರ್ ಹಾಕಬೇಕು ಅಂತ ಮೊಬೈಲೇ ಹೇಳುತ್ತದೆ, ಕಾಫಿ ಹೂ ಅರಳಿಸುವ ಹೂಮಳೆಗೆ ಆಕಾಶ ನೋಡುವುದೇ ಬೇಡ ಅಂದರು. ಬೇಸಿಗೆಯಲ್ಲಿ ಚೆನ್ನಾಗೇ ಇತ್ತು. ಜುಲೈ ಬಂತು, ಕರೆಂಟ್ ಹೋಯಿತು, ಟವರ್ ಹೋಯಿತು, ಡಬ್ಬಿಯೊಳಗೆ ನೀರು ಹೋಯಿತು. ಫೋನ್ ಮಾಡಿದರೆ ಆ ಹುಡುಗ ಕೆಲಸ ಬಿಟ್ಟಿದ್ದಾನೆ ಅಂದರು. ಈಗ ಆ ಕಂಬಕ್ಕೆ ಕರಿಮೆಣಸಿನ ಬಳ್ಳಿ ಹಬ್ಬಿದೆ, ಅದೊಂದೇ ಲಾಭ.

ನಮ್ಮ ಅಂಗಳದಲ್ಲಿ ತಂದೆಯ ಕಾಲದ ಮಳೆಮಾಪಕ ಇದೆ. ಬೆಳಿಗ್ಗೆ ರೈಟರ್ (ತೋಟದ ಲೆಕ್ಕ ಬರೆಯುವವರು) ಹೋಗಿ ಮೇಲಿನ ಕೊಳವೆ ತೆಗೆದು, ಒಳಗಿನ ಡಬ್ಬಿ ನೀರನ್ನು ಅಳತೆ ಗ್ಲಾಸಿಗೆ ಹುಯ್ದು, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಕೊಡೆ ಕೆಳಗೇ ಪುಸ್ತಕ ತೆರೆದು 'ಎರಡು ಇಂಚು ನಲವತ್ತು ಸೆಂಟು' ಅಂತ ಬರೆಯುತ್ತಾರೆ. ಬ್ಯಾಟರಿ ಬೇಡ, ಪಾಸ್‌ವರ್ಡ್ ಬೇಡ. ಎಷ್ಟೋ ತೋಟದಲ್ಲಿ ಇಂಥ ಪುಸ್ತಕ ಅಜ್ಜನ ಕಾಲದಿಂದ ಇದೆ. ಮಕ್ಕಳಿಗೆ ಅದನ್ನು ಅಳೆಯಲು ಕಲಿಸಿ, ಕಥೆ ಆಮೇಲೆ ನೋಡೋಣ.

ಶನಿವಾರಸಂತೆ_ಹುಡುಗ ಉತ್ತರ:

ಮೊದಲು ಮೊಬೈಲ್ ವಿಷಯ ಮುಗಿಸಿಬಿಡೋಣ. ಕೈಲಿ ಹಿಡಿಯುವ ಫೋನಿನಿಂದ ಮೊದಲ ಕರೆ ಮಾಡಿದ್ದು 1973ರ ಏಪ್ರಿಲ್ 3ಕ್ಕೆ, ನ್ಯೂಯಾರ್ಕಿನ ರಸ್ತೆಯಲ್ಲಿ ನಿಂತು, ಮೋಟರೋಲಾದ ಮಾರ್ಟಿನ್ ಕೂಪರ್. 'ಸ್ಟಾರ್ ಟ್ರೆಕ್' ಅನ್ನೋ ಟಿವಿ ಧಾರಾವಾಹಿ ನೋಡಿ ಮಾಡಿದರು ಅಂತ ಎಲ್ಲ ಕಡೆ ಓಡಾಡುತ್ತದೆ. ಆದರೆ ಕೂಪರ್ ಆಮೇಲೆ ಬೇರೆಯೇ ಹೇಳಿದ್ದಾರೆ. ಅದಕ್ಕಿಂತ ಎಷ್ಟೋ ಮೊದಲು ಪೇಪರಿನಲ್ಲಿ ಬರುತ್ತಿದ್ದ ಡಿಕ್ ಟ್ರೇಸಿ ಅನ್ನೋ ಪತ್ತೇದಾರಿ ಕಾಮಿಕ್ಸ್‌ನಲ್ಲಿ ಅವನು ಕೈಗಡಿಯಾರದೊಳಗಿನ ರೇಡಿಯೋದಲ್ಲಿ ಮಾತಾಡುತ್ತಿದ್ದ, ತನ್ನ ತಲೆಗೆ ಹೊಕ್ಕಿದ್ದು ಅದು ಅಂತ. ಇನ್ನೊಂದು ವಿಷಯ, ಕಾರಿನೊಳಗೆ ಕೂರಿಸಿದ ಫೋನು ಅಮೆರಿಕದಲ್ಲಿ 1946ರಿಂದಲೇ ಇತ್ತು. ಕಾಮಿಕ್ಸ್ ಯಾವ ಸರ್ಕ್ಯೂಟನ್ನೂ ಬರೆದುಕೊಡಲಿಲ್ಲ. ಫೋನು ಕಾರಿನ ಜೊತೆ ಯಾಕೆ ಇರಬೇಕು, ಮನುಷ್ಯನ ಜೊತೆ ಇರಲಿ ಅನ್ನೋ ಆಸೆ ಹುಟ್ಟಿಸಿತು, ಅಷ್ಟೇ. ಆದರೆ ಆ ಅಷ್ಟೇ ಸಣ್ಣದಲ್ಲ ಅಲ್ವಾ.

ನಮ್ಮ ಪಕ್ಕದ ಜಿಲ್ಲೆಯದೇ ಒಂದು ಉದಾಹರಣೆ ಕೊಡುತ್ತೇನೆ. ಹಾಸನದಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆಯಲ್ಲ, ದೊಡ್ಡ ದೊಡ್ಡ ಡಿಶ್ ಇರುವ ಜಾಗ, 1980ರ ದಶಕದಿಂದ ನಮ್ಮ ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವುದು ಅಲ್ಲಿಂದ. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಇಟ್ಟರೆ ಅದು ಭೂಮಿ ತಿರುಗುವ ವೇಗಕ್ಕೇ ತಿರುಗುತ್ತದೆ, ಕೆಳಗಿನವರಿಗೆ ಒಂದೇ ಕಡೆ ನಿಂತ ಹಾಗೆ ಕಾಣುತ್ತದೆ. ಇಂಥ ಮೂರು ಇದ್ದರೆ ಹೆಚ್ಚುಕಡಿಮೆ ಇಡೀ ಭೂಮಿಗೆ ರೇಡಿಯೋ ತಲುಪಿಸಬಹುದು ಅಂತ ಆರ್ಥರ್ ಸಿ. ಕ್ಲಾರ್ಕ್ 1945ರಲ್ಲೇ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಬರೆದರು. ಗಮನಿಸಿ, ಅದು ಕಥೆ ಅಲ್ಲ, ಲೆಕ್ಕ ಹಾಕಿ ಬರೆದ ಲೇಖನ. ಬರೆದವರು ಮಾತ್ರ ಮುಂದೆ ಕಥೆಗಾರರಾಗಿ ಹೆಸರು ಮಾಡಿದರು. ಅದರಲ್ಲಿ ತಮಾಷೆ ಏನು ಗೊತ್ತಾ, ಅವರ ಉಪಗ್ರಹದೊಳಗೆ ಮನುಷ್ಯರು ವಾಸ ಮಾಡುತ್ತಾರೆ. ಆಗ ರೇಡಿಯೋ ಅಂದರೆ ವಾಲ್ವು (ಬಲ್ಬಿನ ಥರದ ಗಾಜಿನ ಕೊಳವೆ), ವಾಲ್ವು ಸುಟ್ಟುಹೋದರೆ ಬದಲಾಯಿಸಲು ಯಾರಾದರೂ ಬೇಕಲ್ಲ. ದಾರಿ ಸರಿ, ವಿವರ ತಪ್ಪು. 1964ರಲ್ಲಿ ಮೊದಲ ಭೂಸ್ಥಿರ ಉಪಗ್ರಹ ಸಿಂಕಾಮ್-3 ಮೇಲೆ ಹೋದಾಗ ಒಳಗೆ ಯಾರೂ ಇರಲಿಲ್ಲ.

ಮುಂದೆ 1975-76ರಲ್ಲಿ ವಿಕ್ರಮ್ ಸಾರಾಭಾಯಿ ಕನಸು ಕಂಡಿದ್ದ ಸೈಟ್ ಯೋಜನೆ ಬಂತು. ನಾಸಾದಿಂದ ಉಪಗ್ರಹ ಎರವಲು ತಂದು, ಕರ್ನಾಟಕವೂ ಸೇರಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರ ಟಿವಿ. ಹಳ್ಳಿಯಲ್ಲಿ ನಿಲ್ಲಿಸಿದ ಆಂಟೆನಾ ಕೋಳಿಗೂಡಿಗೆ ಹಾಕುವ ಜಾಲರಿಯಲ್ಲಿ ಮಾಡಿದ್ದು! ಕೊಲಂಬೊದಲ್ಲಿದ್ದ ಕ್ಲಾರ್ಕ್ ಮನೆಗೂ ಇಸ್ರೋದವರು ಒಂದು ಆಂಟೆನಾ ಕೂರಿಸಿಕೊಟ್ಟರು. ಬರೆದವನ ಮನೆ ಮೇಲೇ ಬರೆದದ್ದು ಬಂದು ಕೂತಿತು. ನನಗೆ ಇದಕ್ಕಿಂತ ಚಂದದ ಉದಾಹರಣೆ ಗೊತ್ತಿಲ್ಲ.

ಸಿದ್ದಾಪುರದ ಅಣ್ಣ ಹೇಳಿದ ಕಂಬದ ಕಥೆ ಓದಿ ನಗು ಬಂತು, ನಾಚಿಕೆಯೂ ಆಯಿತು, ನಾನೂ ಅದೇ ಥರದ ಕಂಪನಿಯಲ್ಲೇ ಕೆಲಸ ಮಾಡುವವನು. ಆದರೆ ಅಣ್ಣಾ, ಕ್ಲಾರ್ಕ್ ಲೇಖನದಲ್ಲಿ ವಾಲ್ವು ಬದಲಾಯಿಸುವವನಿಗೂ ಒಂದು ಜಾಗ ಇತ್ತು. ನಿಮಗೆ ಮಾರಿದ ಕಥೆಯಲ್ಲಿ ಅವನೇ ಇರಲಿಲ್ಲ.

ಪೊನ್ನಂಪೇಟೆ_ಟೀಚರ್ ಉತ್ತರ:

ಎಲ್ಲರೂ ಅಮೆರಿಕ, ಇಂಗ್ಲೆಂಡ್ ಅಂತಲೇ ಹೇಳುತ್ತಿದ್ದೀರಿ. ನಾನು ಮಕ್ಕಳಿಗೆ ಹೇಳುವುದು 1905ರಲ್ಲಿ ಮದ್ರಾಸಿನ ಒಂದು ಮಹಿಳಾ ಪತ್ರಿಕೆಯಲ್ಲಿ ಬಂದ 'ಸುಲ್ತಾನಾಸ್ ಡ್ರೀಮ್' ಕಥೆ. ಬರೆದವರು ಬಂಗಾಳದ ರೊಕೆಯಾ ಹುಸೇನ್. ಪರದೆಯೊಳಗೆ ಬೆಳೆದವರು, ಅಣ್ಣನಿಂದ ಗುಟ್ಟಾಗಿ ಇಂಗ್ಲಿಷ್ ಕಲಿತವರು.

ಆ ಕಥೆಯ ದೇಶದಲ್ಲಿ ಹೆಂಗಸರು ಬೀದಿಯಲ್ಲಿ, ಗಂಡಸರು ಮನೆಯೊಳಗೆ. ಹೆಂಗಸರಿಗೇ ವಿಶ್ವವಿದ್ಯಾಲಯಗಳಿವೆ. ಒಂದರವರು ದೊಡ್ಡ ಬಲೂನ್ ಹಾರಿಸಿ, ಕೊಳವೆ ಜೋಡಿಸಿ, ಮೋಡದಿಂದಲೇ ನೀರು ಇಳಿಸಿಕೊಳ್ಳುತ್ತಾರೆ. ಬೇಕಾದಾಗ ಬೇಕಾದಷ್ಟು. ಅತಿವೃಷ್ಟಿ ಇಲ್ಲ, ರಸ್ತೆಯಲ್ಲಿ ಕೆಸರಿಲ್ಲ. (ನಮ್ಮ ಮಕ್ಕಳು ಇಲ್ಲಿಗೆ ಬಂದಾಗ 'ಮೇಡಂ ನಮಗೂ ಒಂದು ಬೇಕು' ಅಂತ ಕೂಗುತ್ತಾರೆ.) ಇನ್ನೊಂದರವರು ಬಿಸಿಲಿನ ಶಾಖ ಹಿಡಿದಿಟ್ಟು ಅದರಲ್ಲೇ ಅಡುಗೆ ಮಾಡುತ್ತಾರೆ. ಅಡುಗೆಮನೆಯಲ್ಲಿ ಹೊಗೆ ಇಲ್ಲ, ಇದ್ದಿಲಿಲ್ಲ. ಅವರು ಇದನ್ನೆಲ್ಲ ಮಾಡುವಾಗ ಗಂಡಸರು ಸೈನ್ಯ ಬೆಳೆಸುವುದರಲ್ಲಿ ಮುಳುಗಿ, ಇವರನ್ನು ನೋಡಿ ನಗುತ್ತಿರುತ್ತಾರೆ.

ಸೋಲಾರ್ ಒಲೆ ರೊಕೆಯಾ ಕಂಡುಹಿಡಿದದ್ದಲ್ಲ. ಅದಕ್ಕೂ ಮೊದಲೇ, 1870ರ ದಶಕದಲ್ಲಿ, ಬೊಂಬಾಯಿಯಲ್ಲಿ ವಿಲಿಯಂ ಆಡಮ್ಸ್ ಅನ್ನೋ ಇಂಗ್ಲಿಷ್ ಅಧಿಕಾರಿ ಕನ್ನಡಿ ಜೋಡಿಸಿ ಬಿಸಿಲಲ್ಲಿ ಅಡುಗೆ ಬೇಯಿಸಿ ತೋರಿಸಿದ್ದ, 1878ರಲ್ಲಿ ಪುಸ್ತಕವನ್ನೂ ಬರೆದ. ಅಂದರೆ ಒಲೆ ಆಗಲೇ ಇತ್ತು. ಅದನ್ನು ಹೊಗೆಯಲ್ಲಿ ಕೂತವಳ ಕೈಗೆ ಕೊಟ್ಟರೆ ಅವಳ ದಿನ ಹೇಗೆ ಬದಲಾಗುತ್ತದೆ ಅಂತ ಬರೆದದ್ದು ರೊಕೆಯಾ.

ಆದರೆ ನನಗೆ ಮುಖ್ಯ ಅನ್ನಿಸುವುದು ಬಲೂನೂ ಅಲ್ಲ, ಒಲೆಯೂ ಅಲ್ಲ. ಆ ದೇಶದಲ್ಲಿ ಇದೆಲ್ಲ ಶುರುವಾಗುವುದು ರಾಣಿ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಮೇಲೆ. ಕಥೆ ಬರೆದ ನಾಲ್ಕೇ ವರ್ಷಕ್ಕೆ, 1909ರಲ್ಲಿ, ರೊಕೆಯಾ ಭಾಗಲ್ಪುರದಲ್ಲಿ ನಿಜವಾಗಿಯೂ ಹೆಣ್ಣುಮಕ್ಕಳ ಶಾಲೆ ತೆರೆದರು. ಗಂಡ ತೀರಿಕೊಂಡ ವರ್ಷವೇ. ಅಲ್ಲಿ ಇರಲಾಗದೆ 1911ರಲ್ಲಿ ಕಲ್ಕತ್ತಕ್ಕೆ ಬಂದು ಮತ್ತೆ ಶುರು ಮಾಡಿದರು. ಮನೆ ಮನೆಗೆ ಹೋಗಿ, ಮಗಳನ್ನು ಕಳಿಸಿ ಅಂತ ಕೇಳಿದರು. ಆ ಶಾಲೆ ಇವತ್ತಿಗೂ ಇದೆ. ಕಥೆಯಲ್ಲಿದ್ದ ಯಂತ್ರಗಳು ಬರುವ ತನಕ ಕಾಯದೆ, ಯಂತ್ರಕ್ಕಿಂತ ಮೊದಲು ಬೇಕಾದದ್ದನ್ನು ತಾನೇ ಕಟ್ಟಿದರು. ಕಥೆಯಿಂದ ಏನು ಹುಟ್ಟುತ್ತದೆ ಅಂತ ಕೇಳಿದಿರಲ್ಲ, ನನ್ನ ಪ್ರಕಾರ ಇದು. ಬರೀ ಗ್ಯಾಜೆಟ್ ಪಟ್ಟಿ ಮಾಡುವುದು ನಿಲ್ಲಿಸಿ.

ವಿರಾಜಪೇಟೆ_ಹಳೆಪುಸ್ತಕ ಉತ್ತರ:

ಟೀಚರ್ ಹೇಳಿದ್ದಕ್ಕೆ ನನ್ನದೊಂದು ಲೈಕ್. ಆದರೆ 'ಆಶಾದಾಯಕವಾಗಿರಬೇಕು' ಅನ್ನೋ ನಿಯಮ ಬೇಡ. ಅಮೆರಿಕದ ರಾಕೆಟ್ ವಿಜ್ಞಾನಿ ರಾಬರ್ಟ್ ಗಾಡರ್ಡ್ ಹುಡುಗನಾಗಿದ್ದಾಗ ಓದಿದ್ದು ಮಂಗಳದವರು ಬಂದು ಭೂಮಿಯನ್ನು ಸುಟ್ಟುಹಾಕುವ, ಇಂಗ್ಲಿಷ್ ಕಥೆಗಾರ ಎಚ್.ಜಿ. ವೆಲ್ಸ್ ಬರೆದ ಕಥೆ. ಓದಿ ಹೆದರಿ ಕೂತನಾ? 1899ರಲ್ಲಿ ಚೆರಿ ಮರ ಹತ್ತಿ ಕೂತು, ಮಂಗಳಕ್ಕೆ ಹೋಗುವ ಯಂತ್ರ ಮಾಡಿದರೆ ಹೇಗಿರುತ್ತದೆ ಅಂತ ಯೋಚಿಸಿದ. 1926ರಲ್ಲಿ ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದ. ಅದು ಹಾರಿದ್ದು ಎರಡೂವರೆ ಸೆಕೆಂಡು, ಬಿದ್ದಿದ್ದು ಎಲೆಕೋಸಿನ ಹೊಲದಲ್ಲಿ.

ಉಲ್ಟಾ ಉದಾಹರಣೆಯೂ ಇದೆ. ಅದೇ ವೆಲ್ಸ್ 1914ರಲ್ಲಿ ಪರಮಾಣು ಶಕ್ತಿಯ ಬಗ್ಗೆ ಇನ್ನೊಂದು ಕಾದಂಬರಿ ಬರೆದ. ಯುದ್ಧ ಆಗಿ, ಆಮೇಲೆ ಜಗತ್ತೆಲ್ಲ ಒಂದಾಗುವ ಕಥೆ, ಕೊನೆಗೆ ಆಶಾದಾಯಕವೇ. ಅದನ್ನು 1932ರಲ್ಲಿ ಓದಿದ ಭೌತವಿಜ್ಞಾನಿ ಲಿಯೋ ಝಿಲಾರ್ಡ್‌ಗೆ ಮರುವರ್ಷ ಲಂಡನ್ ರಸ್ತೆ ದಾಟುವಾಗ, ಒಂದು ಪರಮಾಣುವಿನ ಕ್ರಿಯೆ ಮುಂದಿನದ್ದನ್ನು ಹುಟ್ಟಿಸುತ್ತಾ ಹೋಗುವ ಸರಪಳಿ ಕ್ರಿಯೆಯ ಯೋಚನೆ ಹೊಳೆಯಿತು. ಮುಂದಿನದ್ದು ಗೊತ್ತಲ್ಲ, ಬಾಂಬು. 1945ರಲ್ಲಿ ಜಪಾನಿಗೆ ಶರಣಾಗಲು ಅವಕಾಶ ಕೊಡದೆ ಅದನ್ನು ಹಾಕಬೇಡಿ ಅಂತ ಅರ್ಜಿ ಹಿಡಿದು ಸಹಿ ಮಾಡಿಸಿದವನೂ ಅವನೇ. ಒಳ್ಳೆಯ ಕಥೆಯಿಂದ ಒಳ್ಳೆಯದೇ ಹುಟ್ಟುತ್ತದೆ ಅಂತ ಗ್ಯಾರಂಟಿ ಇಲ್ಲ, ಅಷ್ಟು ಹೇಳಿದೆ.

ಸಿದ್ದಾಪುರ_ರೋಬಸ್ಟಾ ಉತ್ತರ:

ಎಲ್ಲ ಓದಿದೆ. ಟೀಚರಮ್ಮ ಹೇಳಿದ ಶಾಲೆ ವಿಷಯ ಹಿಡಿಸಿತು. ಈಗ ನಾನೊಂದು ಹೇಳುತ್ತೇನೆ, ಇದರಲ್ಲಿ ಕಥೆಯೂ ಇಲ್ಲ, ವೆಲ್ಸೂ ಇಲ್ಲ.

ನಮ್ಮಲ್ಲಿ ಆನೆಗೆ ಏನೆಲ್ಲ ಮಾಡಿದ್ದಾರೆ ಗೊತ್ತಲ್ಲ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿಯ ಬ್ಯಾರಿಕೇಡ್, ಪಟಾಕಿ. ಆನೆ ಕಂದಕದ ಅಂಚು ಕೆಡವಿ ಇಳಿಯುತ್ತದೆ, ಮರ ಬೀಳಿಸಿ ಬೇಲಿ ದಾಟುತ್ತದೆ. ತಮಿಳುನಾಡಿನ ವಾಲ್ಪಾರೈ ಟೀ ತೋಟಗಳಲ್ಲಿ ಬೇರೆ ರೀತಿ ಯೋಚಿಸಿದರು. ಅಲ್ಲಿ ಜನ ಸತ್ತ ಲೆಕ್ಕ ತೆಗೆದು ನೋಡಿದರೆ ಬಹಳ ಸಲ ಕಾರಣ ಒಂದೇ, ಆನೆ ಅಲ್ಲಿದೆ ಅಂತ ಗೊತ್ತಿಲ್ಲದೆ ಸಂಜೆ ನಡೆದುಕೊಂಡು ಬಂದವರು ಎದುರಾದದ್ದು. ಹಾಗಾಗಿ ಆನೆ ಎಲ್ಲಿದೆ ಅಂತ ಜನರಿಗೆ ತಿಳಿಸಲು ಹೊರಟರು. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅವರ ಕೆಲಸ ಅದು. ಲೋಕಲ್ ಕೇಬಲ್ ಟಿವಿಯಲ್ಲಿ ಕೆಳಗೆ ಓಡುವ ಅಕ್ಷರ, ಫೋನಿಗೆ ಮೆಸೇಜ್, ಎತ್ತರದ ಜಾಗದಲ್ಲಿ ಒಂದು ಕೆಂಪು ದೀಪ. ಆನೆ ಹತ್ತಿರ ಇದ್ದರೆ ಊರಿನವರೇ ಮೊಬೈಲಿನಿಂದ ಆ ದೀಪ ಹಚ್ಚುತ್ತಾರೆ. ಬಸ್ಸಿಳಿದವನು ದೀಪ ನೋಡಿ ನಿಲ್ಲುತ್ತಾನೆ. ಇಷ್ಟೇ. ಈಗ ನಮ್ಮ ಕಡೆಯೂ ಮೆಸೇಜ್ ಬರುತ್ತದೆ, ಆನೆ ಕಾರ್ಯಪಡೆಯವರ ವಾಟ್ಸಾಪ್ ಗ್ರೂಪ್ ಇದೆ. ಕೆಲಸಕ್ಕೆ ಬರುವ ಹೆಣ್ಣಾಳುಗಳು ಲೈನ್‌ಮನೆಯಿಂದ (ತೋಟದ ಕೆಲಸಗಾರರ ಸಾಲುಮನೆ) ಹೊರಡುವ ಮೊದಲು ರೈಟರಿಗೆ ಫೋನ್ ಮಾಡಿ ಕೇಳುತ್ತಾರೆ, ಯಾವ ಬ್ಲಾಕಿನಲ್ಲಿ ಇದೆ ಅಂತ.

ಮಕ್ಕಳಿಗೆ ಇಂಥದ್ದು ಹೊಳೆಯುವ ಹಾಗೆ ಬರೆಸಲು ಆಗುತ್ತದಾ ಹೇಳಿ. ಆಗುವುದಾದರೆ ನಿಮ್ಮ ಸ್ಪರ್ಧೆಗೆ ನಮ್ಮ ಮನೆ ಮಳೆ ಪುಸ್ತಕ ಕೊಡುತ್ತೇನೆ. ಫೋಟೋ ತೆಗೆದುಕೊಳ್ಳಿ, ಮನೆಗೆ ಒಯ್ಯುವ ಹಾಗಿಲ್ಲ.

ಶನಿವಾರಸಂತೆ_ಹುಡುಗ ಉತ್ತರ:

ಅಣ್ಣಾ, ಕಥೆ ಇಲ್ಲ ಅಂತ ಹೇಳಿ ಚಂದದ ಕಥೆಯೇ ಹೇಳಿಬಿಟ್ಟಿರಿ.

ಆ ಮಳೆ ಪುಸ್ತಕ ಇಟ್ಟುಕೊಂಡೇ ಒಂದು ಕಥೆ ಹೊಸೆಯಬಹುದು. ಗುಡ್ಡ ಯಾಕೆ ಜಾರುತ್ತದೆ? ದಿನಗಟ್ಟಲೆ ಮಳೆ ಬಿದ್ದು ನೀರು ಒಳಗೆ ಇಳಿಯುತ್ತದೆ, ಮಣ್ಣಿನ ಕಣಗಳ ನಡುವೆ ನೀರಿನ ಒತ್ತಡ ಏರುತ್ತದೆ, ಕಣಕ್ಕೆ ಕಣದ ಹಿಡಿತ ತಪ್ಪುತ್ತದೆ. ಮೇಲೆ ಹುಲ್ಲು ಹಸಿರಾಗೇ ಇರುತ್ತದೆ, ಒಳಗೆ ಆಗಲೇ ಸಡಿಲ. ಬುಡದಲ್ಲಿ ಮನೆಗೋ ರಸ್ತೆಗೋ ಅಂತ ಬರೆ ಕಡಿದಿದ್ದರೆ, ನೀರು ಹೋಗುವ ತೋಡು ಮುಚ್ಚಿದ್ದರೆ ಇನ್ನೂ ಸುಲಭ. ಒಳಗಿನ ಆ ಒತ್ತಡವನ್ನು ಅಳೆಯುವ ಉಪಕರಣ ಇದೆ, ಪೀಜೋಮೀಟರ್. ಕೇರಳದ ಮುನ್ನಾರ್‌ನಲ್ಲಿ ಅಮೃತಾ ವಿಶ್ವವಿದ್ಯಾಲಯದವರು ಇಂಥವನ್ನು ಗುಡ್ಡದೊಳಗೆ ಇಳಿಸಿ, ವೈರ್‌ಲೆಸ್‌ನಲ್ಲಿ ಲೆಕ್ಕ ತರಿಸಿ ಎಚ್ಚರಿಕೆ ಕೊಡುವ ವ್ಯವಸ್ಥೆ ಮಾಡಿದ್ದಾರೆ. ನಮ್ಮಲ್ಲೂ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ತಾನೇ ಲೆಕ್ಕ ಕಳಿಸುವ ಮಳೆಮಾಪಕ ಇದೆ, ರಾಜ್ಯದ ವಿಕೋಪ ಉಸ್ತುವಾರಿ ಕೇಂದ್ರದ್ದು. ಆದರೆ ಕೊಡಗಿನಲ್ಲಿ ಒಂದು ಗುಡ್ಡದ ಈಚೆ ಒಂದು ಇಂಚು ಬಿದ್ದರೆ ಆಚೆ ಮೂರು ಇಂಚು.

ಈಗ ಕಥೆ: 2050, ಗಾಳಿಬೀಡು ಕಡೆಯ ಒಂದು ಹುಡುಗಿ. ಪ್ರತಿ ತೋಟದ ಮಳೆಲೆಕ್ಕ, ಪ್ರತಿ ಬರೆಯ ಪೀಜೋಮೀಟರ್ ಎಲ್ಲ ಸೇರಿ ಯಾವ ಗುಡ್ಡ ಇನ್ನೆಷ್ಟು ಮಳೆ ತಡೆಯುತ್ತದೆ ಅಂತ ಊರಿಗೇ ತಿಳಿದಿರುತ್ತದೆ. ರಾತ್ರಿ ಟವರ್ ಹೋಗಿದೆ, ಅವಳ ಊರಿನ ಡಬ್ಬಿಗಳು ಒಂದರಿಂದ ಒಂದಕ್ಕೆ ತಾವೇ ಸುದ್ದಿ ದಾಟಿಸುತ್ತವೆ. ಇದಕ್ಕೆ ಬೇಕಾದ ಕಡಿಮೆ ಕರೆಂಟಿನ ರೇಡಿಯೋ, ಲೋರಾ ಅಂತಾರೆ, ಈಗಾಗಲೇ ಅಂಗಡಿಯಲ್ಲಿ ಸಿಗುತ್ತದೆ. ಜನ ಎದ್ದು ನೆಂಟರ ಮನೆಗೆ ಹೋಗುತ್ತಾರೆ, ಅಕ್ಕಿರೊಟ್ಟಿ ತಿನ್ನುತ್ತಾರೆ, ಮಾರನೆ ದಿನ ವಾಪಸ್. ಯಾರೂ ಸಾಯುವುದಿಲ್ಲ.

ಸಿದ್ದಾಪುರ_ರೋಬಸ್ಟಾ ಉತ್ತರ:

ಮೂರು ಸಲ ಸುಮ್ನೆ ಎಬ್ಬಿಸಿ ಓಡಿಸಿದರೆ ನಾಲ್ಕನೇ ಸಲ ಯಾರೂ ಏಳುವುದಿಲ್ಲ. ಅದನ್ನೂ ಬರೆಯಲಿ. ಹಸು, ನಾಯಿ ಬಿಟ್ಟು ಅಜ್ಜಿ ಹೊರಡಲ್ಲ ಅಂತಾಳೆ. ಅದನ್ನೂ ಬರೆಯಲಿ. ಡಬ್ಬಿಯ ಬ್ಯಾಟರಿಗೆ ಪಂಚಾಯಿತಿ ಬಜೆಟ್ಟಿನಲ್ಲಿ ದುಡ್ಡು ಇಟ್ಟವರು ಯಾರು?

ಮಡಿಕೇರಿ_ಓದುಕೋಣೆ ಉತ್ತರ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ನಿನ್ನೆ ಸಂಜೆ ಕೂತು ಮಾತಾಡಿದೆವು. 'ಆಶಾದಾಯಕ' ಅನ್ನೋ ನಿಯಮ ಬಿಟ್ಟೆವು. ಅದರ ಬದಲು ಹೀಗೆ ಹಾಕುತ್ತಿದ್ದೇವೆ: ಕಥೆಯ ಊರು ನಿಮಗೆ ಗೊತ್ತಿರುವ ಊರೇ ಆಗಿರಬೇಕು. ಈಗ ಅಲ್ಲಿ ಜನಕ್ಕೆ ಕಷ್ಟ ಕೊಡುವ ಒಂದು ವಿಷಯ 2050ರಲ್ಲಿ ಬಗೆಹರಿದಿರಬೇಕು, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಓದುವವರಿಗೆ ತಿಳಿಯಬೇಕು. ಕಥೆಯೊಳಗೆ ಅದು ಒಂದು ಸಲವಾದರೂ ಕೆಡಬೇಕು, ಕೆಟ್ಟಾಗ ಸರಿ ಮಾಡುವವರು ಊರಿನವರೇ ಆಗಿರಬೇಕು. ಕೊನೆಯದು ರೋಬಸ್ಟಾ ಅವರ ಕಂಬದ ನೆನಪಿಗೆ. ದುಃಖದ ಕಥೆ ಬರೆದರೂ ತೆಗೆದುಕೊಳ್ಳುತ್ತೇವೆ, ಆದರೆ ರಾಕೆಟ್ ಹತ್ತಿ ಓಡಿಹೋಗುವ ಹಾಗಿಲ್ಲ. ಬೆಂಗಳೂರಿಗೂ ಇಲ್ಲ.

ಬರೆಯುವ ಮೊದಲು ಮಕ್ಕಳನ್ನು ಒಂದು ದಿನ ತೋಟಕ್ಕೆ ಕರೆದುಕೊಂಡು ಬರಬಹುದಾ ರೋಬಸ್ಟಾ ಅವರೇ? ಮಳೆಮಾಪಕ ನೋಡಲು. ಶನಿವಾರಸಂತೆಯವರು ಊರಿಗೆ ಬಂದಾಗ ಆ ರೇಡಿಯೋ ಡಬ್ಬಿ ಒಂದು ತಂದು ತೋರಿಸಿದರೆ ಇನ್ನೂ ಒಳ್ಳೆಯದು.

ನಾಪೋಕ್ಲು_ಪಿಯುಸಿ ಉತ್ತರ:

ನಮಸ್ತೆ ಸರ್. ರಾಕೆಟ್ ಬೇಡ ಅಂತ ಬೆಂಗಳೂರಿಗೆ ಕಳಿಸಿದ್ದು ನನ್ನ ಫ್ರೆಂಡ್, ಅವಳಿಗೆ ಈ ಪೋಸ್ಟ್ ತೋರಿಸಿದೆ, ನಕ್ಕು ನಕ್ಕು ಸಾಕಾಯಿತು. ಎರಡು ಪ್ರಶ್ನೆ. ಮಳೆಗಾಲದಲ್ಲಿ ನಮ್ಮ ಹೊಳೆ ತುಂಬಿ ರಸ್ತೆ ಮುಳುಗಿದರೆ ಕಾಲೇಜಿಗೆ ಹೋಗಲು ಆಗಲ್ಲ, ಇಷ್ಟು ಸಣ್ಣ ವಿಷಯದ ಮೇಲೆ ಬರೆದರೆ ನಡೆಯುತ್ತದಾ? ಮತ್ತೆ ಕೊಡವ ತಕ್ಕ್, ಅರೆಭಾಷೆಯಲ್ಲಿ ಬರೆದರೆ ತಗೊಳ್ತೀರಾ? ನನ್ನ ಕಥೆಯಲ್ಲಿ ಅಜ್ಜಿ ಇದ್ದಾಳೆ, ಅವಳು ಕನ್ನಡದಲ್ಲಿ ಬೈಯುವುದು ಸರಿ ಬರುತ್ತಿಲ್ಲ.

ಮಡಿಕೇರಿ_ಓದುಕೋಣೆ ಉತ್ತರ:

ಹೊಳೆ ವಿಷಯ ಖಂಡಿತ ಬರಿ ಮರಿ, ಅಂಥದ್ದೇ ಬೇಕು. ಭಾಷೆ ಯಾವುದಾದರೂ ಸರಿ. ಅರೆಭಾಷೆ ಓದಿ ಹೇಳಲು ನಮ್ಮಲ್ಲಿ ಒಬ್ಬರಿದ್ದಾರೆ, ಕೊಡವ ತಕ್ಕ್‌ಗೆ ಟೀಚರ್ ಒಪ್ಪಿದರೆ ಅವರೇ. ಟೀಚರ್, ಆಗಬಹುದಾ?

ಪೊನ್ನಂಪೇಟೆ_ಟೀಚರ್ ಉತ್ತರ:

ಆಗಲಿ. ಬೈಗುಳ ಮಾತ್ರ ನಾನು ತಿದ್ದುವುದಿಲ್ಲ, ಅಜ್ಜಿ ಹೇಗೆ ಬೈಯುತ್ತಾಳೋ ಹಾಗೇ ಇರಲಿ.